ಪಲೈಸ್ತ್ರ: ಗರಡಿಯ ಪದವೊಂದು ಸೆರೆಮನೆಗೆ ಬಂದ ಬಗೆ

ಗ್ರೀಕರು ಕುಸ್ತಿಯ ಗರಡಿಯನ್ನು ‘ಪಲೈಸ್ತ್ರ’ ಎಂದು ಕರೆದರು. ಕುಸ್ತಿಯಾಡು ಎಂಬರ್ಥದ ‘ಪಲೈಯೋ’ ಎಂಬ ಕ್ರಿಯಾಪದವೇ ಅದರ ಮೂಲ. ಲತೀನ್ ಭಾಷೆ ಈ ಪದವನ್ನು ಎರವಲಾಗಿ ಪಡೆಯಿತು. ಆದರೂ ಗರಡಿಯ ಕಟ್ಟಡವನ್ನು ವರ್ಣಿಸುವ ವಿಟ್ರೂವಿಯಸನು ಅದು ಇಟಲಿಯ ವಾಡಿಕೆಯಲ್ಲವೆಂದೇ ಹೇಳುತ್ತಾನೆ. ಸಿಸೆರೋ ಈ ಪದವನ್ನು ವಾಕ್ಪಟುತ್ವದ ಅಭ್ಯಾಸಕ್ಕೂ ಅನ್ವಯಿಸಿದನು. ಗುರುವೊಬ್ಬರ ‘ಗರಡಿಯಲ್ಲಿ ಪಳಗಿದವನು’ ಎಂದು ನುಡಿಯುವ ನಮಗೆ ಈ ಅರ್ಥವಿಸ್ತಾರವು ಹೊಸದೇನಲ್ಲ.

ದೇವಜನರ ನೆನಪಿನಲ್ಲಿಯಾದರೋ ಈ ಪದಕ್ಕೆ ಕಹಿಯಿತ್ತು. ಅಂತಿಯೋಕ ಎಪಿಫಾನನ ಆಳ್ವಿಕೆಯಲ್ಲಿ ಹಣ ಕೊಡುವೆನೆಂದು ಮಾತುಕೊಟ್ಟು ಮಹಾಯಾಜಕ ಪದವಿಯನ್ನು ಪಡೆದ ಯಾಸೋನನು ಯೆರೂಸಲೇಮಿನಲ್ಲಿ ವ್ಯಾಯಾಮಶಾಲೆಯನ್ನು ಕಟ್ಟಿಸಿದನು. ಯಾಜಕರು ಬಲಿಪೀಠದ ಸೇವೆಯನ್ನು ಅಲಕ್ಷಿಸಿ ಪಲೈಸ್ತ್ರಕ್ಕೆ ಧಾವಿಸಿದರೆಂದು ಮಕ್ಕಬಿಯರ ಎರಡನೆಯ ಗ್ರಂಥವು ವಿಷಾದದಿಂದ ದಾಖಲಿಸುತ್ತದೆ.

ಕಾರ್ಥೇಜಿನ ತೆರ್ತುಲಿಯನನೂ ಇದೇ ನಿಲುವಿನವನು. ‘ಪ್ರದರ್ಶನಗಳನ್ನು ಕುರಿತು’ ಎಂಬ ಕೃತಿಯಲ್ಲಿ ಅವನು ಕುಸ್ತಿಯನ್ನು ಸೈತಾನನ ಕಸುಬೆಂದು ಜರೆಯುತ್ತಾನೆ. ಆದಿಮಾನವರನ್ನು ನೆಲಕ್ಕೆ ಕೆಡವಿದವನು ಅವನೇ ಅಲ್ಲವೆ ಎಂಬುದು ಅವನ ವಾದ. ಆದರೆ ಸುಮಾರು ಕ್ರಿ.ಶ. 197ರಲ್ಲಿ, ವಿಶ್ವಾಸಕ್ಕಾಗಿ ಸೆರೆಯಲ್ಲಿದ್ದು ತೀರ್ಪಿಗೆ ಕಾದಿದ್ದವರಿಗೆ ಬರೆಯುವಾಗ, ಸೆರೆಮನೆಯನ್ನೇ ಪಲೈಸ್ತ್ರವೆಂದು ಎಣಿಸೋಣ ಎನ್ನುತ್ತಾನೆ. ಅಲ್ಲಿ ಜೀವಂತ ದೇವರೇ ಪಂದ್ಯದ ಅಧಿಪತಿ, ಪವಿತ್ರಾತ್ಮನೇ ಮೇಲ್ವಿಚಾರಕ, ಕ್ರಿಸ್ತನೇ ಗರಡಿಯ ಗುರು. ಮಲ್ಲರ ಮೈಗೆ ಎಣ್ಣೆ ಬಳಿಯುವಂತೆ ಕ್ರಿಸ್ತನು ಅವರನ್ನು ಆತ್ಮನಿಂದ ಅಭಿಷೇಕಿಸಿ ಅಖಾಡಕ್ಕೆ ಇಳಿಸಿದ್ದಾನೆ. ಸೆರೆಯ ಕಷ್ಟಗಳು ನ್ಯಾಯಾಸನದ ಮುಂದೆ ನಿಲ್ಲುವುದಕ್ಕೆ ಬೇಕಾದ ಸಾಧನೆಯಾಗುತ್ತವೆ.

ಇದನ್ನು ಕೇವಲ ವಿರೋಧಾಭಾಸವೆಂದು ನಾವು ಬದಿಗಿಡಲಾರೆವು. ಎಫೆಸದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯವು ವಿಶ್ವಾಸಿಯ ಹೋರಾಟಕ್ಕೆ ಬಳಸುವ ‘ಪಲೇ’ ಎಂಬ ಮಾತು ಕುಸ್ತಿಯದೇ. ತೆರ್ತುಲಿಯನನು ಗರಡಿಯನ್ನು ಒಪ್ಪಿಕೊಳ್ಳಲಿಲ್ಲ; ಕಠಿಣ ಅಭ್ಯಾಸವಿಲ್ಲದೆ ಬಲವಿಲ್ಲವೆಂಬ ಗರಡಿಯ ಅರಿವನ್ನು ಮಾತ್ರ ಒಪ್ಪಿಕೊಂಡನು. ಯೆರೂಸಲೇಮಿನ ಯಾಜಕರು ತಮ್ಮ ಕರೆಯನ್ನು ತೊರೆದು ಪಲೈಸ್ತ್ರಕ್ಕೆ ಹೋದರು. ಕಾರ್ಥೇಜಿನ ಸೆರೆಯಾಳುಗಳಿಗೆ ಕರೆಯನ್ನು ಬಿಡದ ಕಾರಣದಿಂದಲೇ ಪಲೈಸ್ತ್ರವು ಒದಗಿತು. ಸೆಮಿನರಿಯನ್ನು ಗರಡಿಯೆಂದು ಹೆಮ್ಮೆಯಿಂದ ಕರೆಯುವ ನಾವು ಯಾವ ಗುರುವಿನ ಕೈಕೆಳಗೆ, ಯಾವ ದಿನಕ್ಕಾಗಿ ಪಳಗುತ್ತಿದ್ದೇವೆಂದು ಕೇಳಿಕೊಳ್ಳಬೇಕು.

ಆ ಪತ್ರದ ಆರಂಭದಲ್ಲಿ ತೆರ್ತುಲಿಯನನು ಮತ್ತೊಂದು ಮಾತನ್ನು ಸೇರಿಸುತ್ತಾನೆ: ಸೆರೆಯಾಳುಗಳಿಗೆ ಬೋಧಿಸುವ ಯೋಗ್ಯತೆ ತನಗಿಲ್ಲ, ಆದರೆ ನುರಿತ ಕಾಳಗದವರನ್ನೂ ದೂರದಲ್ಲಿ ಕುಳಿತ ಅನನುಭವಿಗಳು ಕೂಗಿ ಹುರಿದುಂಬಿಸುವುದುಂಟು. ವೇದಿಕೆಯಿಂದ ಬೋಧಿಸುವ ನಮಗೂ ಈ ವಿನಯ ಇರಲಿ.