ಕೋಟೆಯ ನೆನಪು, ಕಾವಲಿನ ಬದುಕು: ವರವು ಕಾವಲ್ ಮತ್ತು ಮ್ಯಾಸಬೇಡರು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ, ನಾಯಕನಹಟ್ಟಿಗೆ ಸಮೀಪದಲ್ಲಿ ವರವು ಕಾವಲ್ ಎಂಬ ವಿಶಾಲವಾದ ಹುಲ್ಲುಗಾವಲಿದೆ. ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್ ದೂರದ ಈ ಬಯಲನ್ನು ಇಂದು ದೇಶ ಬೇರೊಂದು ಹೆಸರಿನಿಂದ ಬಲ್ಲದು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ (ಡಿಆರ್‌ಡಿಒ) ವೈಮಾನಿಕ ಪರೀಕ್ಷಾ ವಲಯ ಇರುವುದು ಇಲ್ಲಿಯೇ. ಇಸ್ರೋದ ಮರುಬಳಕೆಯ ಉಡಾವಣಾ ವಾಹನ 2023ರ ಏಪ್ರಿಲ್ 2ರಂದು ತಾನಾಗಿ ಧರೆಗಿಳಿದದ್ದು ಇದೇ ವಲಯದ ರನ್‌ವೇ ಮೇಲೆ.

ಆದರೆ ಈ ಹುಲ್ಲುಗಾವಲಿನ ಸುತ್ತಲಿನ ಹಟ್ಟಿಗಳಲ್ಲಿ ಬದುಕುತ್ತಿರುವ ಮ್ಯಾಸಬೇಡರಿಗೆ ಕಾವಲು ಎಂದರೆ ದೇವರ ದನಗಳು ಮೇಯುವ ನೆಲ. ಯುದ್ಧ, ಸೋಲು, ಗಡೀಪಾರು ಮತ್ತು ಗಡಿರೇಖೆಗಳ ನಡುವೆ ರೂಪುಗೊಂಡ ಈ ಸಮುದಾಯದ ಗುರುತು ಎರಡು ಕವಲಾಗಿ ಹರಿದು ಬಂದಿದೆ. ಒಂದು ಕೋಟೆಯನ್ನು ಕಾಯ್ದ ವೀರನದು; ಇನ್ನೊಂದು ದನ ಕಾಯುವ ಕಿಲಾರಿಯದು. ನಾಡು ಮೊದಲನೆಯದನ್ನು ಕೊಂಡಾಡಿದೆ. ಎರಡನೆಯದಕ್ಕೆ ಬೇಕಾದ ನೆಲ ಕಿರಿದಾಗುತ್ತಿದೆ.

ಊರು ಮತ್ತು ಮ್ಯಾಸ

ಬೇಡ ಅಥವಾ ನಾಯಕ ಸಮುದಾಯದಲ್ಲಿ ಊರುಬೇಡರು ಮತ್ತು ಮ್ಯಾಸಬೇಡರು ಎಂಬ ಎರಡು ವಿಭಾಗಗಳಿವೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳ ಕೋಶದಲ್ಲಿ 'ಮ್ಯಾಸ' ಪದಕ್ಕೆ ಹುಲ್ಲುಗಾಡು ಎಂಬ ಅರ್ಥವನ್ನು ನೀಡಲಾಗಿದೆ. ಊರುಬೇಡರು ಗ್ರಾಮಜೀವನಕ್ಕೂ ಪಾಳೆಯಪಟ್ಟುಗಳ ಸೇನೆಗೂ ಹೊಂದಿಕೊಂಡರೆ, ಮ್ಯಾಸಬೇಡರು ಪಶುಪಾಲನೆಯನ್ನೇ ನೆಚ್ಚಿಕೊಂಡು ಊರಿನಿಂದ ದೂರದ ಹಟ್ಟಿಗಳಲ್ಲಿ ಉಳಿದರು. ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಅನೇಕ ಊರ ಹೆಸರುಗಳು ಇಂದಿಗೂ 'ಹಟ್ಟಿ' ಎಂದೇ ಕೊನೆಗೊಳ್ಳುವುದು ಈ ಇತಿಹಾಸದ ಗುರುತಾಗಿದೆ.

ಮ್ಯಾಸಬೇಡರು ಕೋಳಿ ಮತ್ತು ಹಂದಿಯ ಮಾಂಸವನ್ನು ತಿನ್ನುವುದಿಲ್ಲ, ಈಚಲ ಹೆಂಡವನ್ನು ಮುಟ್ಟುವುದಿಲ್ಲ ಎಂಬುದು ಪರಂಪರಾಗತ ಕಟ್ಟಳೆ. ನ್ಯಾಯ ಮತ್ತು ಆಚರಣೆಗಳ ಕೇಂದ್ರವಾಗಿ ಕಟ್ಟೆಮನೆಗಳಿವೆ. ಗಾದ್ರಿ ಪಾಲನಾಯಕ, ಜಗಳೂರು ಪಾಪನಾಯಕ, ಯರಗಾಟನಾಯಕ ಮೊದಲಾದವರು ಇವರ ಸಾಂಸ್ಕೃತಿಕ ವೀರರು. ರಾಜ್ಯ ಗೆದ್ದವರೆಂಬುದಕ್ಕಿಂತ ಹೆಚ್ಚಾಗಿ ದನಗಳನ್ನು ಸಲಹಿದವರೆಂದೇ ಇವರು ಪೂಜೆಗೊಳ್ಳುತ್ತಾರೆ ಎಂಬುದು ಗಮನಾರ್ಹ.

ಈ ವೀರರ ಹೆಸರಿನಲ್ಲಿ ಮೀಸಲಾದ ಹಿಂಡುಗಳೇ 'ದೇವರ ಎತ್ತುಗಳು'. ಇವುಗಳನ್ನು ನೊಗಕ್ಕೆ ಕಟ್ಟುವಂತಿಲ್ಲ, ಮಾರುವಂತಿಲ್ಲ. ಸತ್ತರೆ ಮಣ್ಣು ಮಾಡಲಾಗುತ್ತದೆ. ಹಿಂಡಿನೊಂದಿಗೆ ಬಯಲಿನಲ್ಲಿಯೇ ಇದ್ದು ಅದನ್ನು ಕಾಯುವವನು ಕಿಲಾರಿ. ಹಬ್ಬ, ಜಾತ್ರೆಗಳಲ್ಲಿ ಈ ದನಗಳ ಸನ್ನಿಧಿಯಿಲ್ಲದೆ ಆಚರಣೆ ಪೂರ್ಣವಾಗದು. ಹೀಗಾಗಿ ಹಿಂಡು ಎಂಬುದು ಇಲ್ಲಿ ಕೇವಲ ಆಸ್ತಿಯಲ್ಲ, ಅದೊಂದು ಚಲಿಸುವ ದೇವಾಲಯ.

1779ರ ಸೋಲು

ಚಿತ್ರದುರ್ಗವನ್ನು ಆಳಿದ ಕಾಮಗೇತಿ ವಂಶದ ನಾಯಕರು ಬೇಡ ಮೂಲದವರು. ವಿಜಯನಗರದ ಆಶ್ರಯದಲ್ಲಿ 16ನೇ ಶತಮಾನದಲ್ಲಿ ತಲೆಯೆತ್ತಿದ ಈ ಪಾಳೆಯಪಟ್ಟು ಎರಡು ಶತಮಾನಗಳ ಕಾಲ ಬಾಳಿತು. ಹಲವು ಮುತ್ತಿಗೆಗಳ ನಂತರ 1779ರಲ್ಲಿ ಹೈದರ್ ಅಲಿ ಕೋಟೆಯನ್ನು ವಶಪಡಿಸಿಕೊಂಡ. ಕೊನೆಯ ದೊರೆ ಮದಕರಿನಾಯಕ ಸೆರೆಯಾಳಾಗಿ ಶ್ರೀರಂಗಪಟ್ಟಣ ಸೇರಿದ.

ಸೋಲು ದೊರೆಯೊಬ್ಬನಿಗೆ ಸೀಮಿತವಾಗಲಿಲ್ಲ. ಬಿ.ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರ್ ಪ್ರಕಾರ, ಈ ಸೀಮೆಯ ಸುಮಾರು 20 ಸಾವಿರ ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಅವರ ಹುಡುಗರಿಂದ 'ಚೇಲಾ' ಪಡೆಗಳನ್ನು ಕಟ್ಟಲಾಯಿತು. ಸೋತ ಜನರ ಮಕ್ಕಳೇ ಗೆದ್ದವನ ಸೈನಿಕರಾದರು.

ಇಪ್ಪತ್ತನೆಯ ಶತಮಾನದಲ್ಲಿ ಈ ಸೋಲಿನ ಕಥೆ ಇಡೀ ಕನ್ನಡ ನಾಡಿನ ಅಭಿಮಾನದ ಕಥೆಯಾಗಿ ಮಾರ್ಪಟ್ಟಿತು. ತ.ರಾ.ಸುಬ್ಬರಾಯರ 'ದುರ್ಗಾಸ್ತಮಾನ' ಕಾದಂಬರಿಗೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. 1972ರ 'ನಾಗರಹಾವು' ಚಿತ್ರ ಒನಕೆ ಓಬವ್ವಳನ್ನು ಮನೆಮನೆಗೆ ತಲುಪಿಸಿತು. ಆದರೆ ಈ ಜನಪ್ರಿಯ ಸ್ಮೃತಿಯಲ್ಲಿ ಬೇಡನೆಂದರೆ ಕೋಟೆಯ ಬುರುಜಿನ ಮೇಲೆ ನಿಂತ ಯೋಧ. ಬಯಲಿನ ಕಿಲಾರಿಗೆ ಅಲ್ಲಿ ಸ್ಥಾನ ದೊರೆತದ್ದು ಕಡಿಮೆ.

ಕಾವಲು: ಅರಮನೆಯ ದನ, ದೇವರ ದನ

'ಕಾವಲು' ಎಂಬ ಪದದ ಹಿಂದೆಯೂ ಯುದ್ಧದ ಚರಿತ್ರೆಯಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎಂಬ ಹೆಸರಿನಲ್ಲಿದ್ದ ಅರಮನೆಯ ಪಶು ಇಲಾಖೆಗೆ 'ಅಮೃತಮಹಲ್' ಎಂದು ನಾಮಕರಣ ಮಾಡಿದವನು ಟಿಪ್ಪು ಸುಲ್ತಾನ್. ಸೋತ ಪಾಳೆಯಗಾರರ ದನಗಳೂ ಹೈದರನ ಕಾಲದಲ್ಲಿ ಈ ಹಿಂಡಿಗೆ ಸೇರಿದವು. ವೇಗ ಮತ್ತು ತಾಳಿಕೆಗೆ ಹೆಸರಾದ ಈ ಎತ್ತುಗಳು ಫಿರಂಗಿ ಮತ್ತು ಸರಂಜಾಮುಗಳನ್ನು ಎಳೆಯುತ್ತಿದ್ದವು. ಹಿಂಡಿನ ಮೇವಿಗಾಗಿ ಕಾಯ್ದಿಟ್ಟ ಬಯಲುಗಳೇ ಅಮೃತಮಹಲ್ ಕಾವಲುಗಳು.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಹಿಂಡು ಬ್ರಿಟಿಷರ ಪಾಲಾಯಿತು. 1860ರಲ್ಲಿ ಅದನ್ನು ಮಾರಿಬಿಟ್ಟ ಸರ್ಕಾರ ತಪ್ಪಿನ ಅರಿವಾಗಿ 1866ರಲ್ಲಿ ಮತ್ತೆ ಕಟ್ಟಿತು. ಯಂತ್ರವಾಹನಗಳು ಬಂದ ನಂತರ ಸೇನೆಗೆ ಎತ್ತುಗಳ ಅಗತ್ಯ ಉಳಿಯಲಿಲ್ಲ. ಕಾವಲುಗಳು ಮಾತ್ರ ಸರ್ಕಾರದ ದಾಖಲೆಯಲ್ಲಿ ಉಳಿದವು. ದಾಖಲೆ ಏನೇ ಹೇಳಲಿ, ವಾಡಿಕೆಯಲ್ಲಿ ಆ ಹುಲ್ಲನ್ನು ನೆಚ್ಚಿಕೊಂಡದ್ದು ಸುತ್ತಲಿನ ಹಳ್ಳಿಗಳ ಕುರಿ, ಮೇಕೆ, ದನಗಳು ಮತ್ತು ದೇವರ ಎತ್ತುಗಳು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಈ ತಾಲ್ಲೂಕುಗಳಲ್ಲಿ ಬೇಸಾಯಕ್ಕಿಂತ ಹುಲ್ಲೇ ನಂಬಿಕೆಯ ಬೆಳೆ. ಚಳ್ಳಕೆರೆ ಸೀಮೆಯ ಕಂಬಳಿ ನೇಯ್ಗೆಗೂ ಈ ಹುಲ್ಲೇ ಮೂಲಾಧಾರ.

ಒಂದೇ ಕುಲ, ಎರಡು ಪಟ್ಟಿ

ಮೊಳಕಾಲ್ಮೂರು ತಾಲ್ಲೂಕಿನ ಆಚೆಗೆ ಆಂಧ್ರಪ್ರದೇಶದ ರಾಯದುರ್ಗ, ಕಲ್ಯಾಣದುರ್ಗ ಸೀಮೆ. ರಾಯದುರ್ಗವು 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ 'ದತ್ತ ಮಂಡಲ'ಕ್ಕೆ ಸೇರಿ ಮದ್ರಾಸಿನ ಆಡಳಿತಕ್ಕೆ ಒಳಪಟ್ಟರೆ, ಮೊಳಕಾಲ್ಮೂರು ಮೈಸೂರು ಸಂಸ್ಥಾನದಲ್ಲಿ ಉಳಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯವಾದಾಗ ಬಳ್ಳಾರಿ ಮೈಸೂರಿಗೆ ಬಂತು. ರಾಯದುರ್ಗ, ಆದೋನಿ, ಆಲೂರು ಆಂಧ್ರಕ್ಕೆ ಹೋದವು.

ಭಾಷೆಯ ಆಧಾರದ ಮೇಲೆ ಎಳೆದ ಈ ಗೆರೆ ಮ್ಯಾಸಬೇಡರಿಗೆ ಸರಿಹೊಂದಲಿಲ್ಲ. ಇವರಲ್ಲಿ ಅನೇಕರ ಮನೆಮಾತು ತೆಲುಗು. ಶಾಲೆ, ಸಂತೆ, ಕಚೇರಿಗಳ ಭಾಷೆ ಕನ್ನಡ. ದೇವರ ಕಥೆಗಳನ್ನು ಎರಡೂ ಭಾಷೆಗಳಲ್ಲಿ ಹಾಡುತ್ತಾರೆ. ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರ ಮಾರಮ್ಮನ ಜಾತ್ರೆಗೆ ಗಡಿಯಾಚೆಯಿಂದಲೂ ಭಕ್ತರು ಬರುತ್ತಾರೆ.

ಗೆರೆಯ ನಿಜವಾದ ಪರಿಣಾಮ ಕಾಣುವುದು ಸರ್ಕಾರದ ಪಟ್ಟಿಗಳಲ್ಲಿ. ಕರ್ನಾಟಕದಲ್ಲಿ 1991ರ ತಿದ್ದುಪಡಿಯ ಮೂಲಕ ಬೇಡ, ವಾಲ್ಮೀಕಿ ಮುಂತಾದ ಹೆಸರುಗಳು ನಾಯಕ ಪಂಗಡದೊಂದಿಗೆ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದವು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಚಳ್ಳಕೆರೆ ಮತ್ತು ಮೊಳಕಾಲ್ಮೂರು ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲಾದವು. ಗಡಿಯಾಚೆಯ ಅನಂತಪುರದ ಕಡೆ ಇದೇ ಜನ 'ಬೋಯ'ರೆಂದು ಹಿಂದುಳಿದ ವರ್ಗಗಳ ಪಟ್ಟಿಯಲ್ಲಿದ್ದಾರೆ. ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸುವಂತೆ ಕೋರಿ ಆಂಧ್ರ ವಿಧಾನಸಭೆ 2017ರಲ್ಲೂ 2023ರಲ್ಲೂ ನಿರ್ಣಯ ಅಂಗೀಕರಿಸಿತು. ದೇವರು ಒಂದೇ, ಬೆಡಗು ಒಂದೇ; ಆದರೆ ಪ್ರಮಾಣಪತ್ರ ಬೇರೆ.

ಬೇಲಿ ಬಂದ ಬಗೆ

2008ರ ನಂತರದ ಕೆಲವೇ ವರ್ಷಗಳಲ್ಲಿ ಚಳ್ಳಕೆರೆ ತಾಲ್ಲೂಕಿನ ಸುಮಾರು 10 ಸಾವಿರ ಎಕರೆ ಕಾವಲು ಭೂಮಿ ವಿವಿಧ ಸಂಸ್ಥೆಗಳಿಗೆ ಹಂಚಿಕೆಯಾಯಿತು. ವರವು ಕಾವಲಿನಲ್ಲಿ ಡಿಆರ್‌ಡಿಒಗೆ 4,290 ಎಕರೆ, ಖುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ದೊರೆಯಿತು. ಭಾಭಾ ಅಣು ಸಂಶೋಧನಾ ಕೇಂದ್ರ ಹಾಗೂ ಇಸ್ರೋಗೂ ಜಮೀನು ನೀಡಲಾಯಿತು.

ಬೇಲಿ ಮತ್ತು ಗೋಡೆಗಳು ಎದ್ದಾಗ ಗ್ರಾಮಸ್ಥರು ಪ್ರತಿಭಟಿಸಿದರು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದ ಮುಂದೆ ಹೋಯಿತು. 2014ರ ಆಗಸ್ಟ್‌ನಲ್ಲಿ ತೀರ್ಪು ಬಂತು, ಯೋಜನೆಗಳು ಮುಂದುವರಿದವು. 2016ರ ನವೆಂಬರ್‌ನಲ್ಲಿ ಮಾನವರಹಿತ ವಿಮಾನ ರುಸ್ತುಂ-2 ಇಲ್ಲಿಂದ ಮೊದಲ ಬಾರಿ ಹಾರಿತು. 2017ರ ಮೇ 28ರಂದು ಆಗಿನ ರಕ್ಷಣಾ ಸಚಿವ ಅರುಣ್ ಜೇಟ್ಲಿ ಪರೀಕ್ಷಾ ವಲಯವನ್ನು ಉದ್ಘಾಟಿಸಿದರು.

ದೇಶದ ರಕ್ಷಣೆಗೆ ಇಂತಹ ವಲಯ ಬೇಕೆಂಬ ವಾದವನ್ನು ತಳ್ಳಿಹಾಕುವಂತಿಲ್ಲ. ವಿಮಾನ ಪರೀಕ್ಷೆಗೆ ಜನವಸತಿ ವಿರಳವಾದ, ಸಮತಟ್ಟಾದ ಬಯಲು ಬೇಕೇ ಬೇಕು. ಸಮಸ್ಯೆ ಹುಟ್ಟುವುದು ಆ ಬಯಲನ್ನು ಕಡತಗಳಲ್ಲಿ 'ಖಾಲಿ' ಎಂದು ಬಗೆದಾಗ. ಬುಡಕಟ್ಟು ಜನರ ಮೇವಿನ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆ ತಾತ್ವಿಕವಾಗಿ ಒಪ್ಪಿದೆ. ಆದರೆ ಪೀಳಿಗೆಗಳ ವಾಡಿಕೆಗೆ ಹಕ್ಕುಪತ್ರವಿಲ್ಲದಿದ್ದರೆ ಬೇಲಿಯ ಮುಂದೆ ಅದು ನಿಲ್ಲುವುದು ಕಷ್ಟ.

ಇಂತಹ ಉದಾಹರಣೆ ಜಗತ್ತಿನಲ್ಲಿ ಇದೊಂದೇ ಅಲ್ಲ. ಸ್ಕಾಟ್ಲೆಂಡಿನ ಬೆಟ್ಟಸೀಮೆಯ ಕುಲಗಳು 1746ರ ಕಲೊಡೆನ್ ಕದನದಲ್ಲಿ ಸೋತವು. ಅವರ ಯುವಕರು ಬ್ರಿಟಿಷ್ ಸೇನೆಯ ಹೆಸರಾಂತ ಪಡೆಗಳಾದರು. ಅವರ ದಿರಿಸು ರಾಷ್ಟ್ರದ ಹೆಮ್ಮೆಯಾಯಿತು. ಅದೇ ಕಾಲದಲ್ಲಿ ಅವರ ಊರುಗಳನ್ನು ತೆರವುಗೊಳಿಸಿ ಜಮೀನ್ದಾರರು ಕುರಿ ಸಾಕಣೆಗೆ ನೆಲ ಮಾಡಿಕೊಂಡರು. ಶೌರ್ಯಕ್ಕೆ ಗೌರವ, ನೆಲಕ್ಕೆ ಬೇಲಿ ಎಂಬ ಈ ಜೋಡಿ ಚಳ್ಳಕೆರೆಗೂ ಅಪರಿಚಿತವಲ್ಲ.

ಮುಂದೇನು?

ಬರಗಾಲ ಬಂದಾಗ ಸರ್ಕಾರ ಗೋಶಾಲೆಗಳನ್ನು ತೆರೆಯುತ್ತದೆ. ದಾನಿಗಳು ದೇವರ ಎತ್ತುಗಳಿಗೆ ಮೇವು ಕಳುಹಿಸುತ್ತಾರೆ. ಇದರಿಂದ ದನ ಉಳಿಯಬಹುದು. ಆದರೆ ಮೇಯುವ ದಾರಿ, ಬಯಲಿನ ಗುಡಿ, ಕಿಲಾರಿಯ ಜ್ಞಾನ ಇವೆಲ್ಲ ಗೋಶಾಲೆಯ ಕೊಟ್ಟಿಗೆಯಲ್ಲಿ ಉಳಿಯುವುದಿಲ್ಲ. ಈ ಕಸುಬನ್ನು ಬಿಟ್ಟ ಯುವಕ ಮದಕರಿನಾಯಕನ ಜಯಂತಿಯಲ್ಲಿ ಹೆಮ್ಮೆಯಿಂದ ಭಾಗವಹಿಸಬಹುದು. ಪಾಲನಾಯಕನ ಕಥೆಯನ್ನು ಹಾಡಲು ಮಾತ್ರ ಅವನಿಗೆ ಹಿಂಡು ಬೇಕು, ಹಿಂಡಿಗೆ ಹುಲ್ಲು ಬೇಕು.

ಉಳಿದಿರುವ ಕಾವಲುಗಳಲ್ಲಿ ದೇವರ ಹಿಂಡುಗಳ ಮೇವಿನ ಹಕ್ಕನ್ನು ಲಿಖಿತವಾಗಿ ದಾಖಲಿಸುವುದು ಅಸಾಧ್ಯವಾದ ಕೆಲಸವೇನಲ್ಲ. 1779ರಲ್ಲಿ ಕೋಟೆ ಕಳೆದುಕೊಂಡ ನಂತರವೂ ಈ ಜನ ತಮ್ಮತನವನ್ನು ಕಳೆದುಕೊಳ್ಳಲಿಲ್ಲ. ಅದಕ್ಕೆ ಕಾರಣ, ಅವರ ದೇವರುಗಳು ಕೋಟೆಯೊಳಗೆ ಇರಲಿಲ್ಲ, ಬಯಲಿನಲ್ಲಿ ಮೇಯುತ್ತಿದ್ದವು.