ಬೆಳಕಿನ ಕೊರತೆಯೋ, ಎಣಿಕೆಯ ಮಿತಿಯೋ: ಸೈಕಿ ನೌಕೆಯ ಲೇಸರ್ ಸಂವಹನದಲ್ಲಿ ಏಕಫೋಟಾನ್ ಶೋಧಕಗಳು

ಬಂದ ಫೋಟಾನ್‌ಗಳಲ್ಲಿ ಎಷ್ಟು ದಾಖಲಾದವು ಎಂಬ ದಕ್ಷತೆಯೊಂದರಿಂದಲೇ ಏಕಫೋಟಾನ್ ಶೋಧಕವನ್ನು ಅಳೆಯುವ ರೂಢಿಯಿದೆ. ನಾಸಾದ ಸೈಕಿ ನೌಕೆಯ ಪ್ರಯೋಗವನ್ನು ನೋಡಿದರೆ ಈ ಅಳತೆಗೋಲು ಸಾಲದು ಎಂಬುದು ಈ ಲೇಖನದ ವಾದ.

2023ರ ಅಕ್ಟೋಬರ್‌ನಲ್ಲಿ ಹೊರಟ ಸೈಕಿಯ ಲೇಸರ್‌ನ ಸರಾಸರಿ ಶಕ್ತಿ 4 ವ್ಯಾಟ್, ದೂರದರ್ಶಕದ ವ್ಯಾಸ 22 ಸೆಂ.ಮೀ. 1550 ನ್ಯಾನೋಮೀಟರ್ ತರಂಗಾಂತರದ ಕಿರಣ 3.1 ಕೋಟಿ ಕಿ.ಮೀ. ದಾಟುವಷ್ಟರಲ್ಲಿ 200 ಕಿ.ಮೀ. ಮೀರಿ ಹರಡಿರುತ್ತದೆ. ಪಾಲೊಮಾರ್‌ನ 5.1 ಮೀಟರ್ ಹೇಲ್ ದೂರದರ್ಶಕದ ಪಾಲಿಗೆ ಬರುವುದು, ನಷ್ಟಗಳನ್ನು ಬದಿಗಿಟ್ಟರೂ, ಒಂದೆರಡು ನ್ಯಾನೋವ್ಯಾಟ್ ಅಷ್ಟೇ.

ಅದು ಬೀಳುವುದು ಟಂಗ್‌ಸ್ಟನ್ ಸಿಲಿಸೈಡ್‌ನ 64 ನ್ಯಾನೋತಂತಿಗಳ ಮೇಲೆ. 1 ಕೆಲ್ವಿನ್ ಆಸುಪಾಸಿಗೆ ತಣಿಸಿದ ಈ ಅತಿವಾಹಕ ತಂತಿಗಳಲ್ಲಿ ವಿದ್ಯುತ್ತು ಮಿತಿಯ ಅಂಚಿನಲ್ಲೇ ಹರಿಯುತ್ತಿರುತ್ತದೆ. ಒಂದು ಫೋಟಾನ್ ತಾಗಿದರೂ ಸಾಕು, ಅಲ್ಲಿ ಅತಿವಾಹಕತೆ ಮುರಿದು, ರೋಧ ಹುಟ್ಟಿ, ವೋಲ್ಟೇಜ್ ಸ್ಪಂದವೊಂದು ಹೊರಬೀಳುತ್ತದೆ. ಆದರೆ ತಂತಿ ಮತ್ತೆ ತಣಿದು ವಿದ್ಯುತ್ತು ಮರಳುವ ತನಕ, ಹತ್ತಾರು ನ್ಯಾನೋಸೆಕೆಂಡ್ ಕಾಲ, ಅದು ಕುರುಡು. ಒಂದು ತಂತಿ ಕುರುಡಾದಾಗ ಉಳಿದವು ಎಣಿಸುತ್ತಿರಲಿ ಎಂಬುದೇ 64ರ ಹಿಂದಿನ ಮುಖ್ಯ ಲೆಕ್ಕಾಚಾರ. ವಾತಾವರಣದಲ್ಲಿ ಕದಡಿ ಅಗಲವಾದ ಬಿಂಬವನ್ನು ಹಿಡಿಯಲೂ ಈ ಹರವು ಬೇಕು.

ಕಾಲನಿಖರತೆಯೂ ಅಷ್ಟೇ ಮುಖ್ಯ. ಇಲ್ಲಿ ಮಾಹಿತಿ ಅಡಗಿರುವುದು ಸ್ಪಂದದ ತೀವ್ರತೆಯಲ್ಲಲ್ಲ, ಅದು ಯಾವ ಕಾಲಖಂಡದಲ್ಲಿ ಬಂತು ಎಂಬುದರಲ್ಲಿ. 128 ಖಂಡಗಳಿದ್ದರೆ ಒಂದೇ ಸ್ಪಂದ 7 ಬಿಟ್ ಹೊರುತ್ತದೆ; ಖಂಡ ತಪ್ಪಾಗಿ ಗುರುತಾದರೆ ಬಿಟ್‌ಗಳೂ ತಪ್ಪುತ್ತವೆ.

ಈಗ ಅಂಕಿಗಳು. 2023ರ ಡಿಸೆಂಬರ್ 11ರಂದು 3.1 ಕೋಟಿ ಕಿ.ಮೀ. ದೂರದಿಂದ ಬೆಕ್ಕಿನ ವಿಡಿಯೊ (ಗಂಭೀರ ಪ್ರಯೋಗಕ್ಕೆ ಇಂಥ ಆಯ್ಕೆ!) ಸೆಕೆಂಡಿಗೆ 267 ಮೆಗಾಬಿಟ್ ದರದಲ್ಲಿ ಬಂತು. 2024ರ ಏಪ್ರಿಲ್‌ನಲ್ಲಿ 22.6 ಕೋಟಿ ಕಿ.ಮೀ.ಯಿಂದ 25 ಮೆಗಾಬಿಟ್. ದೂರ ಏಳು ಪಟ್ಟು ಹೆಚ್ಚಿದ್ದರಿಂದ, ವಿಲೋಮ ವರ್ಗ ನಿಯಮದಂತೆ ಬೆಳಕು 50 ಪಟ್ಟಿಗೂ ಮಿಕ್ಕಿ ಕುಗ್ಗಿತ್ತು; ದರ ಇಳಿದದ್ದು ಸುಮಾರು 11 ಪಟ್ಟು ಮಾತ್ರ. 267 ಮೆಗಾಬಿಟ್ ವ್ಯವಸ್ಥೆಯ ಗರಿಷ್ಠ ದರವೇ ಆಗಿತ್ತೆಂಬುದನ್ನು ಜೊತೆಗಿಟ್ಟು ಓದಿದರೆ, ಹತ್ತಿರದಲ್ಲಿ ಕೊರತೆಯಿದ್ದದ್ದು ಬೆಳಕಿಗಲ್ಲ. ಸ್ಪಂದಗಳನ್ನು ಕಳಿಸುವ, ಎಣಿಸುವ ವೇಗಕ್ಕೆ ಎಂದು ನನಗನ್ನಿಸುತ್ತದೆ. ದೂರ ಹೋದಂತೆ ದಕ್ಷತೆ ಮತ್ತು ಕನ್ನಡಿಯ ವಿಸ್ತಾರಗಳೇ ನಿರ್ಣಾಯಕವಾಗುತ್ತವೆ.

ಗೋಲ್ಡ್‌ಸ್ಟೋನ್‌ನ 34 ಮೀಟರ್ ರೇಡಿಯೊ ಆಂಟೆನಾಕ್ಕೆ ಏಳು ಕನ್ನಡಿಗಳನ್ನು ಜೋಡಿಸಿ 3.2 ಕೋಟಿ ಕಿ.ಮೀ.ಯಿಂದ ಪಡೆದ ದರ 15.63 ಮೆಗಾಬಿಟ್. ಆ ಕನ್ನಡಿಗಳ ಒಟ್ಟು ವಿಸ್ತಾರ ಸುಮಾರು 1 ಮೀಟರ್ ವ್ಯಾಸದ ದೂರದರ್ಶಕಕ್ಕೆ ಸಮ. ಅಷ್ಟು ಸಣ್ಣ ಕನ್ನಡಿಗೆ ಹತ್ತಿರದ ನೌಕೆಯೂ ದೂರದ್ದೇ.