ಡೀಸೆಲ್ ಕಾರಿನ ಇಂಧನ ದೋಷ ಪತ್ತೆ

ಫಿಲ್ಟರ್ ಬದಲಿಸಿದರೂ ಮರಳಿ ಬರುವ ಎಂಜಿನ್ ತೊಂದರೆಯ ಮೂಲವನ್ನು ಇಂಧನ ಮಾರ್ಗದಲ್ಲಿ ಹುಡುಕುವ ಕ್ರಮ. ಬೆಳಗ್ಗೆ ಸ್ಟಾರ್ಟ್ ಆಗಲು ತಡ, ಏರಿನಲ್ಲಿ ಎಳೆತ ಕುಸಿತ, ಓಡುವಾಗಲೇ ಎಂಜಿನ್ ನಿಲ್ಲುವುದು ಈ ತೊಂದರೆಯ ಲಕ್ಷಣಗಳು. ಕೊನೆಯದಂತೂ ಕರಾವಳಿಯ ಪಡುಬಿದ್ರಿಯಲ್ಲಿ, ರಾಷ್ಟ್ರೀಯ ಹೆದ್ದಾರಿ 66ರಿಂದ ಕಾರ್ಕಳದ ರಸ್ತೆ ಕವಲೊಡೆಯುವ ಕಡೆ, ಜೀವಕ್ಕೇ ಎರವಾಗಬಹುದು.

ಕರಾವಳಿಯಲ್ಲಿ ಮೊದಲು ಶಂಕಿಸಬೇಕಾದುದು ನೀರನ್ನು. ಮಳೆಗಾಲದ ತೇವಗಾಳಿ ಅರೆಖಾಲಿ ಟ್ಯಾಂಕಿನೊಳಗೆ ಹನಿಗಟ್ಟುತ್ತದೆ. ಡೀಸೆಲ್‌ಗಿಂತ ಭಾರವಾದ ನೀರು ತಳ ಸೇರುತ್ತದೆ. ಎರಡರ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗುತ್ತವೆ. ಆಗ ಹೊಸ ಫಿಲ್ಟರ್ ಕೂಡ ಬೇಗ ಕಟ್ಟಿಕೊಳ್ಳುತ್ತದೆ. ಟ್ಯಾಂಕ್ ತೊಳೆಯದೆ ಬೇರೆ ದಾರಿಯಿಲ್ಲ. ಫಿಲ್ಟರಿನ ತಳದ ತಿರುಪು ಸಡಿಲಿಸಿ ಗಾಜಿನ ಸೀಸೆಗೆ ಡೀಸೆಲ್ ಹಿಡಿದು ಸ್ವಲ್ಪ ಹೊತ್ತು ಬಿಟ್ಟರೆ ನೀರಿನ ಪದರ ಕಣ್ಣಿಗೇ ಕಾಣುತ್ತದೆ. ಇಷ್ಟು ಸರಳ ಪರೀಕ್ಷೆಯನ್ನು ಬಿಟ್ಟು ದುಬಾರಿ ಪಂಪ್ ಬದಲಿಸುವುದು ತಪ್ಪು.

ನೀರಿಲ್ಲದಿದ್ದರೆ ಮುಂದಿನ ಶಂಕೆ ಇಂಧನ ಮಾರ್ಗದೊಳಗೆ ಗಾಳಿ ಸೋರುವುದು. ಅದನ್ನು ತಿಳಿಯಲು ಆ ಮಾರ್ಗಕ್ಕೆ ಪಾರದರ್ಶಕ ಕೊಳವೆ ಜೋಡಿಸಿ ಗುಳ್ಳೆ ನೋಡುತ್ತಾರೆ.

ಎಲ್ಲ ಇಂಜೆಕ್ಟರ್‌ಗಳಿಗೂ ರೈಲು ಎಂಬ ಒಂದೇ ಕೊಳವೆಯಿಂದ ಇಂಧನ ಹೋಗುವ ಕಾಮನ್ ರೈಲ್ ಎಂಜಿನ್‌ಗಳಲ್ಲಿ ರೈಲಿನ ಒತ್ತಡ 1,600 ಬಾರ್ ದಾಟಬಹುದು. ಆದ್ದರಿಂದ ಎಂಜಿನ್ ಓಡುತ್ತಿರುವಾಗ ಅದರ ಕೊಳವೆ ಸಡಿಲಿಸಬಾರದು. ಹೊರಚಿಮ್ಮುವ ಡೀಸೆಲ್ ಧಾರೆ ಚರ್ಮವನ್ನೇ ತೂರುತ್ತದೆ. ದೋಷ ಓದುವ ಸ್ಕ್ಯಾನರ್‌ನಲ್ಲಿ ಬೇಡಿಕೆಯ ಒತ್ತಡವನ್ನೂ ನಿಜ ಒತ್ತಡವನ್ನೂ ಹೋಲಿಸಬೇಕು. ಅದು ತೋರುವ ಪಿ0087 ದೋಷಸಂಕೇತ ಒತ್ತಡ ಕಡಿಮೆ ಎನ್ನುತ್ತದೆಯೇ ಹೊರತು ಕಾರಣ ಹೇಳುವುದಿಲ್ಲ. ಇಂಜೆಕ್ಟರ್‌ಗಳಿಂದ ಹಿಂದಿರುಗುವ ಡೀಸೆಲನ್ನು ಬೇರೆ ಬೇರೆ ಸೀಸೆಗಳಲ್ಲಿ ಅಳೆದರೆ ಹೆಚ್ಚು ಸೋರುವ ಇಂಜೆಕ್ಟರ್ ಸಿಕ್ಕಿಬೀಳುತ್ತದೆ. ಫಿಲ್ಟರಿನಲ್ಲಿ ಹೊಳೆಯುವ ಲೋಹದ ಪುಡಿ ಕಂಡರೆ ಪಂಪೇ ಸವೆಯುತ್ತಿರುವ ಸಾಧ್ಯತೆ ಹೆಚ್ಚು.